ಎನ್‌ಕ್ರಿಪ್ಟ್ ಮಾಡಿದರೆ ಸಾಲದು: ಸೋಪ್ ವೆಬ್ ಸೇವೆಗೆ ರೀಪ್ಲೇ ತಡೆಯನ್ನೂ ಕೂಡಿಸುವುದು ಹೇಗೆ

ಹಣ ವರ್ಗಾವಣೆಯ ಸಂದೇಶವೊಂದನ್ನು ನೀವು ಎಷ್ಟೇ ಗಟ್ಟಿಯಾಗಿ ಎನ್‌ಕ್ರಿಪ್ಟ್ ಮಾಡಿ ಕಳಿಸಿ, ದಾರಿಯಲ್ಲಿ ಅದರ ಪ್ರತಿ ಯಾರದೋ ಕೈಗೆ ಸಿಕ್ಕರೆ ಅವರಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಸರಿ. ಆದರೆ ಅವರಿಗೆ ಅರ್ಥವಾಗಲೇಬೇಕು ಅಂತೇನೂ ಇಲ್ಲವಲ್ಲ? ಸಿಕ್ಕಿದ್ದನ್ನು ಸಿಕ್ಕ ಹಾಗೇ ಇನ್ನೊಮ್ಮೆ ಕಳಿಸಿದರೆ ಸಾಕು. ಸರ್ವರ್ ತಾನೇ ಅದನ್ನು ಬಿಚ್ಚಿ, ಓದಿ, ಐದು ಸಾವಿರ ರೂಪಾಯಿಯನ್ನು ಎರಡನೇ ಸಲ ದಾಟಿಸಿಬಿಡುತ್ತದೆ. ರೀಪ್ಲೇ ದಾಳಿ ಅಂದರೆ ಇಷ್ಟೇ.

ಈ ಲೇಖನದಲ್ಲಿ ಜಾವಾದಲ್ಲಿ ವೆಬ್ ಸೇವೆ ಕಟ್ಟಲು ಬಳಸುವ ಅಪಾಚೆ ಸಿಎಕ್ಸ್‌ಎಫ್ ಮತ್ತು ಅದರ ಹಿಂದೆ ಭದ್ರತೆಯ ಕೆಲಸ ಮಾಡುವ ಡಬ್ಲ್ಯೂಎಸ್‌ಎಸ್4ಜೆ ಲೈಬ್ರರಿ ಇಟ್ಟುಕೊಂಡು ಎನ್‌ಕ್ರಿಪ್ಷನ್, ರೀಪ್ಲೇ ತಡೆ ಎರಡನ್ನೂ ಹೊಂದಿಸುವುದು ಹೇಗೆ ಅಂತ ನೋಡೋಣ. ಸೋಪ್ ಅಂದರೆ ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಎರಡು ಸಾಫ್ಟ್‌ವೇರ್‌ಗಳು ಮಾತಾಡುವ ಹಳೆಯ ವಿಧಾನ. ಅದು ಸತ್ತಿಲ್ಲವಾ ಅಂತ ಕೇಳಬೇಡಿ. ಬ್ಯಾಂಕು, ವಿಮೆ, ವಿಮಾನ ಟಿಕೆಟ್ಟು, ಸರ್ಕಾರಿ ಇಲಾಖೆಗಳ ಒಳಗಿನ ಜೋಡಣೆ, ಇಲ್ಲೆಲ್ಲಾ ಅದು ಇನ್ನೂ ಚೆನ್ನಾಗಿಯೇ ಓಡಾಡುತ್ತಿದೆ, ಮತ್ತು ಅದನ್ನು ನೋಡಿಕೊಳ್ಳುವ ಕೆಲಸ ಯಾವತ್ತಾದರೂ ನಿಮ್ಮ ತಲೆಗೆ ಬರುತ್ತದೆ.

ಟಿಎಲ್‌ಎಸ್ ಇದೆಯಲ್ಲ, ಇದೆಲ್ಲ ಯಾಕೆ?

ನ್ಯಾಯವಾದ ಪ್ರಶ್ನೆ. ಟಿಎಲ್‌ಎಸ್ ಅಂದರೆ ಎರಡು ಯಂತ್ರಗಳ ನಡುವಿನ ಸಂಪರ್ಕವನ್ನೇ ಎನ್‌ಕ್ರಿಪ್ಟ್ ಮಾಡುವ ಪದರ. ಟಿಎಲ್‌ಎಸ್ ಸಂಪರ್ಕದ ಒಳಗೆ ರೀಪ್ಲೇ ಆಗುವುದಿಲ್ಲ, ಅದರ ಕಾವಲು ಅಲ್ಲೇ ಇದೆ. ತೊಂದರೆ ಇರುವುದು ಟಿಎಲ್‌ಎಸ್ ಮುಗಿಯುವ ಜಾಗದಲ್ಲಿ. ಬಹಳಷ್ಟು ಕಡೆ ಅದು ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನಲ್ಲೇ ಮುಗಿಯುತ್ತದೆ. ಅಲ್ಲಿಂದ ಸಂದೇಶ ಗೇಟ್‌ವೇಗೆ, ಅಲ್ಲಿಂದ ಕ್ಯೂಗೆ, ಕ್ಯೂನಿಂದ ನಿಮ್ಮ ಸೇವೆಗೆ ಹೋಗುತ್ತದೆ. ನಡುವೆ ಯಾರೋ ದೋಷ ಹುಡುಕಲು ಅಂತ ಪೂರ್ತಿ ಸಂದೇಶವನ್ನು ಲಾಗ್ ಫೈಲಿಗೆ ಸುರಿಯುವ ಆಯ್ಕೆ ಆನ್ ಮಾಡಿರುತ್ತಾರೆ, ಆಫ್ ಮಾಡಲು ಮರೆತಿರುತ್ತಾರೆ. ಆ ಲಾಗ್‌ನಲ್ಲಿ ಇರುವುದು ಎನ್‌ಕ್ರಿಪ್ಟ್ ಆದ ಸಂದೇಶವೇ ಇರಬಹುದು, ಆದರೂ ಮತ್ತೆ ಕಳಿಸಲು ಅದು ಧಾರಾಳವಾಗಿ ಸಾಕು.

ನಿಮ್ಮ ಸಂದೇಶ ಕ್ಲೈಂಟಿನಿಂದ ಹೊರಟು ನೇರವಾಗಿ ನಿಮ್ಮ ಸೇವೆಯ ಪ್ರೋಸೆಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ, ನಡುವೆ ಯಾರೂ ಇಲ್ಲ ಅನ್ನುವುದಾದರೆ ಎರಡೂ ಕಡೆ ಸರ್ಟಿಫಿಕೇಟ್ ಇರುವ ಟಿಎಲ್‌ಎಸ್ ಸಾಕು. ಸುಮ್ನೆ ತಲೆಬಿಸಿ ಮಾಡಿಕೊಳ್ಳಬೇಡಿ.

ಮೂರು ತುಂಡು, ಒಂದೇ ಗಂಟು

ಸಂರಚನೆಗೆ ಕೈ ಹಾಕುವ ಮೊದಲು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎನ್‌ಕ್ರಿಪ್ಷನ್ ಗುಟ್ಟನ್ನು ಕಾಯುತ್ತದೆ, ಅಷ್ಟೇ. ಸರ್ವರ್‌ನ ಸಾರ್ವಜನಿಕ ಕೀ ಯಾರ ಬಳಿ ಬೇಕಾದರೂ ಇರುತ್ತದೆ, ಹಾಗಾಗಿ ಎನ್‌ಕ್ರಿಪ್ಟ್ ಆಗಿ ಬಂತು ಅಂದ ಮಾತ್ರಕ್ಕೆ ಕಳಿಸಿದ್ದು ಯಾರು ಅಂತ ತಿಳಿಯುವುದಿಲ್ಲ. ಅದನ್ನು ಹೇಳುವುದು ಡಿಜಿಟಲ್ ಸಹಿ. ಸಂದೇಶ ಹೊಸದಾ ಹಳೆಯದಾ ಅಂತ ಹೇಳುವುದು ಟೈಮ್‌ಸ್ಟ್ಯಾಂಪ್. ಹೊಸದೇ ಆದರೂ ಈಗಾಗಲೇ ಒಮ್ಮೆ ಬಂದಿದೆಯಾ ಅಂತ ಹೇಳುವುದು ಸರ್ವರ್ ಇಟ್ಟುಕೊಳ್ಳುವ ರೀಪ್ಲೇ ಕ್ಯಾಶ್. ಸಹಿ, ಟೈಮ್‌ಸ್ಟ್ಯಾಂಪ್, ಕ್ಯಾಶ್: ಈ ಮೂರರಲ್ಲಿ ಒಂದು ಬಿಟ್ಟರೂ ಉಳಿದ ಎರಡು ದಂಡ. ಟೈಮ್‌ಸ್ಟ್ಯಾಂಪ್ ಇದೆ ಆದರೆ ಸಹಿ ಅದನ್ನು ಒಳಗೊಂಡಿಲ್ಲ ಅಂದರೆ, ಕದ್ದವನು ಹಳೆಯ ಸಮಯ ಅಳಿಸಿ ಇವತ್ತಿನದು ಬರೆದು ಕಳಿಸುತ್ತಾನೆ. ಕೆಳಗಿನ ಹೆಜ್ಜೆಗಳಲ್ಲಿ ಅರ್ಧದಷ್ಟು ಇದೊಂದು ತೂತು ಮುಚ್ಚುವುದಕ್ಕೇ ಇವೆ.

ಹೆಜ್ಜೆ 1: ಕೀಲಿಗಳು

ಜಾವಾ ಜೊತೆಗೇ ಬರುವ ಕೀಟೂಲ್ ಸಾಕು. ಕ್ಲೈಂಟಿಗೆ ಒಂದು, ಸರ್ವರಿಗೆ ಒಂದು ಕೀ ಜೋಡಿ ಮಾಡಿ. ಆರ್‌ಎಸ್‌ಎ, 3072 ಬಿಟ್, ಪಿಕೆಸಿಎಸ್12 ಮಾದರಿಯ ಕೀಸ್ಟೋರ್. ಜಾವಾ 9ರಿಂದ ಆಚೆಗೆ ಅದೇ ಸಹಜ ಮಾದರಿ, ಹಳೆಯ ಜೆಕೆಎಸ್ ಬೇಕಾಗಿಲ್ಲ. ಆಮೇಲೆ ಕ್ಲೈಂಟಿನ ಸರ್ಟಿಫಿಕೇಟನ್ನು ಸರ್ವರ್ ಕಡೆಗೆ, ಸರ್ವರಿನದನ್ನು ಕ್ಲೈಂಟ್ ಕಡೆಗೆ ಇಂಪೋರ್ಟ್ ಮಾಡಿ. ಆಚೀಚೆ ಹೋಗಬೇಕಾದ್ದು ಸರ್ಟಿಫಿಕೇಟ್ ಮಾತ್ರ. ಖಾಸಗಿ ಕೀ ಇರುವ ಪೂರ್ತಿ ಕೀಸ್ಟೋರನ್ನೇ ಈಮೇಲ್‌ಗೆ ಲಗತ್ತಿಸಿ ಕಳಿಸುವವರು ಇನ್ನೂ ಇದ್ದಾರೆ. ಹಾಗೆ ಬಂದರೆ ಅದನ್ನು ಬಳಸಬೇಡಿ, ಹೊಸ ಜೋಡಿ ಮಾಡಿ ಅಂತ ವಾಪಸ್ ಬರೆಯಿರಿ.

ಎರಡೂ ಕಡೆ ಒಂದೊಂದು ಪ್ರಾಪರ್ಟೀಸ್ ಫೈಲ್ ಬೇಕು. ಅದರಲ್ಲಿ ಮೆರ್ಲಿನ್ ಎಂಬ ಕ್ರಿಪ್ಟೋ ಪ್ರೊವೈಡರ್ ಹೆಸರು, ಕೀಸ್ಟೋರ್ ಫೈಲ್ ಎಲ್ಲಿದೆ, ಯಾವ ಮಾದರಿ, ಪಾಸ್‌ವರ್ಡ್ ಏನು, ಅಲಿಯಾಸ್ ಯಾವುದು, ಇಷ್ಟು ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಉದಾಹರಣೆಗಳನ್ನು ನಕಲು ಮಾಡುವಾಗ ಒಂದು ಎಚ್ಚರ: ಡಬ್ಲ್ಯೂಎಸ್‌ಎಸ್4ಜೆ 2.0ರಲ್ಲಿ ಪ್ಯಾಕೇಜ್ ಹೆಸರುಗಳೇ ಬದಲಾದವು. ಕ್ಲಾಸ್ ಸಿಗಲಿಲ್ಲ ಅಂತ ದೋಷ ಬಂದರೆ ಬಹುಪಾಲು ಅದೇ ಕಾರಣ. ಖಾಸಗಿ ಕೀಯ ಪಾಸ್‌ವರ್ಡನ್ನು ಒಂದು ಕಾಲ್‌ಬ್ಯಾಕ್ ಕ್ಲಾಸ್ ಕೊಡುತ್ತದೆ. ಅದನ್ನು ಕೋಡ್‌ನಲ್ಲೇ ಬರೆದು ಗಿಟ್‌ಗೆ ಹಾಕಬೇಡಿ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಹೆಜ್ಜೆ 2: ಕ್ಲೈಂಟ್ ಕಡೆ, ಹೊರಹೋಗುವ ಸಂದೇಶ

ಸಿಎಕ್ಸ್‌ಎಫ್‌ನಲ್ಲಿ ಡಬ್ಲ್ಯೂಎಸ್‌ಎಸ್4ಜೆ ಔಟ್ ಇಂಟರ್‌ಸೆಪ್ಟರ್ (ಹೊರಹೋಗುವ ಸಂದೇಶವನ್ನು ನಡುವೆ ಹಿಡಿದು ಕೆಲಸ ಮಾಡುವ ತುಂಡು) ಹಾಕಿ, ಅದರ ಆಕ್ಷನ್ ಪಟ್ಟಿಯಲ್ಲಿ ಇದೇ ಕ್ರಮದಲ್ಲಿ ಬರೆಯಿರಿ: ಟೈಮ್‌ಸ್ಟ್ಯಾಂಪ್, ಸಿಗ್ನೇಚರ್, ಎನ್‌ಕ್ರಿಪ್ಟ್. ಕ್ರಮ ಮುಖ್ಯ. ಮೊದಲು ಸಮಯ ಹುಟ್ಟಬೇಕು, ಆಮೇಲೆ ಸಹಿ ಅದನ್ನು ಹಿಡಿಯಬೇಕು, ಕೊನೆಗೆ ಬೀಗ.

ಇನ್ನು ಅಸಲಿ ವಿಷಯ. ಸಿಗ್ನೇಚರ್ ಪಾರ್ಟ್ಸ್ ಅನ್ನುವ ಒಂದು ಸೆಟ್ಟಿಂಗ್ ಇದೆ, ಯಾವ ಯಾವ ಭಾಗಕ್ಕೆ ಸಹಿ ಹಾಕಬೇಕು ಅಂತ ಹೇಳಲಿಕ್ಕೆ. ನೀವು ಅದನ್ನು ಖಾಲಿ ಬಿಟ್ಟರೆ ಲೈಬ್ರರಿ ಸೋಪ್ ಬಾಡಿಗೆ ಮಾತ್ರ ಸಹಿ ಹಾಕುತ್ತದೆ. ಟೈಮ್‌ಸ್ಟ್ಯಾಂಪ್ ಹೆಡರ್‌ನಲ್ಲಿರುತ್ತದೆ, ಅದು ಹೊರಗೇ ಉಳಿಯುತ್ತದೆ. ಮೇಲ್ನೋಟಕ್ಕೆ ಎಲ್ಲಾ ಸರಿ ಕಾಣುತ್ತದೆ: ಸಮಯ ಇದೆ, ಸಹಿ ಇದೆ, ಎನ್‌ಕ್ರಿಪ್ಷನ್ ಇದೆ, ಪರೀಕ್ಷೆಯೆಲ್ಲಾ ಹಸಿರು. ಆದರೆ ಸಮಯವನ್ನು ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಬಾಡಿ ಮತ್ತು ಟೈಮ್‌ಸ್ಟ್ಯಾಂಪ್ ಎರಡನ್ನೂ ಅವುಗಳ ನೇಮ್‌ಸ್ಪೇಸ್ ಸಮೇತ ಆ ಸೆಟ್ಟಿಂಗ್‌ನಲ್ಲಿ ಬರೆಯಿರಿ. ಸಂದೇಶ ಯಾರಿಗೆ, ಯಾವ ಕೆಲಸಕ್ಕೆ ಅಂತ ಹೆಡರ್‌ನಲ್ಲೇ ಬರೆಯುವ ಡಬ್ಲ್ಯೂಎಸ್-ಅಡ್ರೆಸಿಂಗ್ ಬಳಸುತ್ತಿದ್ದರೆ ಟು, ಆಕ್ಷನ್, ಮೆಸೇಜ್‌ಐಡಿ ಹೆಡರ್‌ಗಳನ್ನೂ ಸೇರಿಸಿ. ಇಲ್ಲದಿದ್ದರೆ ಒಂದು ಸೇವೆಗೆ ಬರೆದ ಸಂದೇಶವನ್ನು ಅದೇ ಕೀ ನಂಬುವ ಇನ್ನೊಂದು ಸೇವೆಯ ಕಡೆ ತಿರುಗಿಸಬಹುದು.

ಎನ್‌ಕ್ರಿಪ್ಷನ್ ಪಾರ್ಟ್ಸ್‌ನಲ್ಲೂ ಒಂದು ಸೂಕ್ಷ್ಮ ಇದೆ. ಸಹಿ ಹಾಕಿ ಆಮೇಲೆ ಬಾಡಿಯನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿದರೆ, ಸಹಿಯ ಒಳಗಿರುವ ಡೈಜೆಸ್ಟ್ ಬಯಲಲ್ಲೇ ಇರುತ್ತದೆ. ಅದು ಬಾಡಿಯ ಮೂಲ ರೂಪದ ಹ್ಯಾಶ್, ಅಂದರೆ ಅದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು. ಸಂದೇಶದ ಆಕಾರ ಗೊತ್ತು, ಖಾತೆ ಸಂಖ್ಯೆಯೂ ಗೊತ್ತು, ಮೊತ್ತ ಒಂದು ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಒಂದೊಂದೇ ಮೊತ್ತ ಹಾಕಿ ಹ್ಯಾಶ್ ಮಾಡಿ ಹೋಲಿಸುತ್ತಾ ಹೋದರೆ ಗುಟ್ಟು ರಟ್ಟು. ಹಾಗಾಗಿ ಸಿಗ್ನೇಚರ್ ಎಲಿಮೆಂಟನ್ನೂ ಎನ್‌ಕ್ರಿಪ್ಟ್ ಮಾಡುವ ಪಟ್ಟಿಗೆ ಸೇರಿಸಿ. ಬಾಡಿಗೆ ಕಂಟೆಂಟ್ ಅಂತಲೂ ಸಿಗ್ನೇಚರ್‌ಗೆ ಎಲಿಮೆಂಟ್ ಅಂತಲೂ ಗುರುತು ಹಾಕಬೇಕು. ಬಾಡಿ ಟ್ಯಾಗ್ ಉಳಿದು ಒಳಗಿನದು ಮಾತ್ರ ಮರೆಯಾಗುತ್ತದೆ, ಸಿಗ್ನೇಚರ್ ಟ್ಯಾಗ್ ಸಮೇತ ಮಾಯವಾಗುತ್ತದೆ.

ಹೆಜ್ಜೆ 3: ಅಲ್ಗಾರಿದಮ್ ಬಾಯಿಬಿಟ್ಟು ಹೇಳಿ

ಎಕ್ಸ್‌ಎಂಎಲ್ ಎನ್‌ಕ್ರಿಪ್ಷನ್‌ನಲ್ಲಿ ಎರಡು ಹಂತ ಇರುತ್ತದೆ. ಪ್ರತಿ ಸಂದೇಶಕ್ಕೂ ಹೊಸದಾಗಿ ಹುಟ್ಟುವ ಎಇಎಸ್ ಕೀ ಒಂದು, ಆ ಕೀಯನ್ನೇ ಸರ್ವರ್‌ನ ಆರ್‌ಎಸ್‌ಎ ಸಾರ್ವಜನಿಕ ಕೀಯಿಂದ ಮುಚ್ಚಿಡುವುದು ಇನ್ನೊಂದು. ಆಧಾರ್ ದೃಢೀಕರಣದ ಎಪಿಐ ಜೊತೆ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲೂ ವ್ಯಕ್ತಿಯ ಗುರುತಿನ ಮಾಹಿತಿ ಇರುವ ಪಿಐಡಿ ಬ್ಲಾಕ್‌ಗೆ 256 ಬಿಟ್ ಎಇಎಸ್ ಸೆಷನ್ ಕೀ, ಆ ಸೆಷನ್ ಕೀಗೆ ಯುಐಡಿಎಐ ಸಾರ್ವಜನಿಕ ಕೀ.

ಮೊದಲ ಹಂತಕ್ಕೆ ಜಿಸಿಎಂ ಮೋಡ್‌ನ ಎಇಎಸ್ ಅಂತ ಸ್ಪಷ್ಟವಾಗಿ ಬರೆಯಿರಿ. 2011ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಟಿಬೋರ್ ಯಾಗರ್ ಮತ್ತು ಯುರಾಯ್ ಸೊಮೊರೊವ್ಸ್ಕಿ ಸಿಬಿಸಿ ಮೋಡ್ ಬಳಸಿದ ಎಕ್ಸ್‌ಎಂಎಲ್ ಎನ್‌ಕ್ರಿಪ್ಷನ್ನನ್ನು ಒಡೆದು ತೋರಿಸಿದರು. ಅವರು ಎಇಎಸ್ ಒಡೆಯಲಿಲ್ಲ. ಸೈಫರ್ ಪಠ್ಯವನ್ನು ಅಷ್ಟಷ್ಟೇ ಬದಲಿಸಿ ಬದಲಿಸಿ ಕಳಿಸಿದರು, ಪ್ರತಿ ಸಲ ಸರ್ವರ್ ದೋಷ ಕೊಟ್ಟಿತಾ ಇಲ್ಲವಾ ಅಂತ ನೋಡಿದರು, ಅಷ್ಟರಿಂದಲೇ ಮೂಲ ಪಠ್ಯ ಹೊರಗೆ ಬಂತು. ಜಿಸಿಎಂ ಆದರೆ ಒಂದು ಬಿಟ್ ಬದಲಾದರೂ ಸಂದೇಶ ಪೂರ್ತಿ ತಿರಸ್ಕೃತ. ಎಕ್ಸ್‌ಎಂಎಲ್ ಎನ್‌ಕ್ರಿಪ್ಷನ್‌ನ 1.1 ಆವೃತ್ತಿ 2013ರಲ್ಲಿ ಡಬ್ಲ್ಯೂ3ಸಿ ಶಿಫಾರಸು ಆಯಿತು, ಜಿಸಿಎಂ ಅದರಲ್ಲಿದೆ.

ಎರಡನೇ ಹಂತಕ್ಕೆ ಆರ್‌ಎಸ್‌ಎ-ಒಎಇಪಿ. ಹಳೆಯ ಆರ್‌ಎಸ್‌ಎ 1.5 ಬೇಡವೇ ಬೇಡ, ಅದರ ಮೇಲಿನ ಬ್ಲೈಕೆನ್‌ಬಾಕರ್ ದಾಳಿ 1998ರಿಂದ ಗೊತ್ತಿರುವುದು. ಡಬ್ಲ್ಯೂಎಸ್‌ಎಸ್4ಜೆ 2.0ರಿಂದ ಸ್ವೀಕರಿಸುವ ಕಡೆ ಅದಕ್ಕೆ ಸಹಜವಾಗಿ ಬಾಗಿಲು ಮುಚ್ಚಿದೆ. ಯಾರೋ ಹಳೇ ಕ್ಲೈಂಟ್ ಓಡುತ್ತಿಲ್ಲ ಅಂತ ಗೋಗರೆದರು ಎಂದು ಆ ಬಾಗಿಲು ತೆಗೆಯಬೇಡಿ. ಸಹಿಗೆ ಆರ್‌ಎಸ್‌ಎ ಜೊತೆ ಎಸ್‌ಎಚ್‌ಎ-256, ಡೈಜೆಸ್ಟ್‌ಗೂ ಅದೇ.

ಆಕ್ಷನ್ ಪಟ್ಟಿ ಬಿಟ್ಟು, ಸೇವೆಯ ವಿವರ ಬರೆದಿಡುವ ಡಬ್ಲ್ಯೂಎಸ್‌ಡಿಎಲ್‌ ಫೈಲ್‌ನಲ್ಲೇ ಸೆಕ್ಯುರಿಟಿ ಪಾಲಿಸಿ ಬರೆಯುವವರಿಗೆ ಒಂದು ಮಾತು. ಹೊಸ ಸೇವೆಗೆ ಪಾಲಿಸಿಯೇ ಒಳ್ಳೆಯ ದಾರಿ, ಏನು ಮುಚ್ಚಿರಬೇಕು ಏನಕ್ಕೆ ಸಹಿ ಇರಬೇಕು ಅಂತ ಸಿಎಕ್ಸ್‌ಎಫ್ ತಾನೇ ಪರಿಶೀಲಿಸುತ್ತದೆ. ಆದರೆ ಬೇಸಿಕ್256 ಅನ್ನುವ ಹೆಸರು ನೋಡಿ ಖುಷಿಪಡಬೇಡಿ, ಅದರೊಳಗೆ ಇರುವುದು ಸಿಬಿಸಿ ಮತ್ತು ಎಸ್‌ಎಚ್‌ಎ-1. ಜಿಸಿಎಂ ಬೇಕಾದರೆ ಸಿಎಕ್ಸ್‌ಎಫ್ ತನ್ನದೇ ನೇಮ್‌ಸ್ಪೇಸ್‌ನಲ್ಲಿ ಕೊಟ್ಟಿರುವ ಬೇಸಿಕ್256ಜಿಸಿಎಂ ಬಳಸಬೇಕು. ಆಚೆ ಕಡೆ ಡಾಟ್‌ನೆಟ್ ಇದ್ದರೆ ಆ ಹೆಸರು ಅದಕ್ಕೆ ಗೊತ್ತಿರುವುದಿಲ್ಲ. ಆಗ ಮೊದಲೇ ಕೂತು ಮಾತಾಡಿಕೊಳ್ಳುವುದು ವಾಸಿ.

ಹೆಜ್ಜೆ 4: ಸರ್ವರ್ ಕಡೆ ತಪಾಸಣೆ

ಇನ್ ಇಂಟರ್‌ಸೆಪ್ಟರ್‌ಗೂ ಅದೇ ಮೂರು ಆಕ್ಷನ್ ಕೊಡಿ. ಆದರೆ ಅದು ನೋಡುವುದು ಸಹಿ ಇದೆಯಾ, ಎನ್‌ಕ್ರಿಪ್ಷನ್ ಇದೆಯಾ, ಟೈಮ್‌ಸ್ಟ್ಯಾಂಪ್ ಇದೆಯಾ ಅಂತ ಮಾತ್ರ. ಸಹಿ ಯಾವುದರ ಮೇಲಿದೆ ಅಂತ ನೋಡುವುದಿಲ್ಲ. ಬಾಗಿಲಲ್ಲಿ ನಿಂತ ಟಿಕೆಟ್ ಕಲೆಕ್ಟರ್ ಕೈಯಲ್ಲಿ ಚೀಟಿ ಇದೆಯಾ ಅಂತ ನೋಡಿ, ಯಾವ ಊರಿಂದ ಯಾವ ಊರಿಗೆ ಅಂತ ಓದದೆ ಬಿಟ್ಟ ಹಾಗೆ. ಸಹಿ ಹಾಕಿದ ಬಾಡಿಯನ್ನು ಹೆಡರ್‌ನ ಯಾವುದೋ ಮೂಲೆಗೆ ಸರಿಸಿ, ಅದರ ಜಾಗದಲ್ಲಿ ತನ್ನ ಬಾಡಿ ಕೂರಿಸುವ ಸಿಗ್ನೇಚರ್ ವ್ರ್ಯಾಪಿಂಗ್ ದಾಳಿ ನುಸುಳುವುದು ಈ ಸಂದಿಯಲ್ಲೇ.

ಇದಕ್ಕೆ ಮದ್ದು ಸಿಎಕ್ಸ್‌ಎಫ್‌ನಲ್ಲೇ ಇದೆ: ಡೀಫಾಲ್ಟ್ ಕ್ರಿಪ್ಟೋ ಕವರೇಜ್ ಚೆಕರ್ ಅನ್ನುವ ಇನ್ನೊಂದು ಇಂಟರ್‌ಸೆಪ್ಟರ್. ಅದನ್ನು ಇನ್ ಇಂಟರ್‌ಸೆಪ್ಟರ್‌ಗಳ ಪಟ್ಟಿಗೆ ಸೇರಿಸಿ. ಬಾಡಿಗೂ ಟೈಮ್‌ಸ್ಟ್ಯಾಂಪ್‌ಗೂ ಸಹಿ ಇರಲೇಬೇಕು, ಬಾಡಿ ಎನ್‌ಕ್ರಿಪ್ಟ್ ಆಗಿರಲೇಬೇಕು ಅಂತ ಅದರ ಆಯ್ಕೆಗಳಲ್ಲಿ ಸ್ಪಷ್ಟವಾಗಿ ಹೇಳಿ. ಆಕ್ಷನ್ ಪಟ್ಟಿಯ ದಾರಿ ಹಿಡಿದವರು ಇದನ್ನು ಬಿಟ್ಟರೆ ಎರಡನೇ ಹೆಜ್ಜೆಯ ಶ್ರಮವೆಲ್ಲಾ ನೀರಲ್ಲಿ ಹೋಮ. ಪ್ರಾಮಾಣಿಕ ಕ್ಲೈಂಟ್ ಟೈಮ್‌ಸ್ಟ್ಯಾಂಪ್‌ಗೆ ಸಹಿ ಹಾಕುತ್ತದೆ, ಕಳ್ಳ ಹಾಕುವುದಿಲ್ಲ, ಸರ್ವರ್ ಇಬ್ಬರನ್ನೂ ಒಳಗೆ ಬಿಡುತ್ತದೆ.

ವಾಪಸ್ ಹೋಗುವ ಉತ್ತರವನ್ನೂ ಮರೆಯಬೇಡಿ. ತುಂಬಾ ಕ್ಲೈಂಟ್‌ಗಳಿದ್ದರೆ ಯಾರ ಸರ್ಟಿಫಿಕೇಟ್‌ನಿಂದ ಎನ್‌ಕ್ರಿಪ್ಟ್ ಮಾಡುವುದು ಅನ್ನುವ ಪ್ರಶ್ನೆ ಬರುತ್ತದೆ. ಎನ್‌ಕ್ರಿಪ್ಷನ್ ಯೂಸರ್ ಜಾಗದಲ್ಲಿ ಯೂಸ್‌ರೆಕ್‌ಸಿಗ್‌ಸರ್ಟ್ ಅನ್ನುವ ವಿಶೇಷ ಹೆಸರು ಕೊಟ್ಟರೆ, ಕೋರಿಕೆಗೆ ಸಹಿ ಹಾಕಿದವರ ಸರ್ಟಿಫಿಕೇಟನ್ನೇ ಉತ್ತರಕ್ಕೆ ಬಳಸುತ್ತದೆ.

ಹೆಜ್ಜೆ 5: ಗಡಿಯಾರ

ಟೈಮ್‌ಸ್ಟ್ಯಾಂಪ್ ಹುಟ್ಟಿ 300 ಸೆಕೆಂಡ್ ದಾಟಿದ್ದರೆ ಸಂದೇಶ ಹಳೆಯದು, 60 ಸೆಕೆಂಡಿಗಿಂತ ಜಾಸ್ತಿ ಭವಿಷ್ಯದಲ್ಲಿದ್ದರೆ ಅದೂ ತಿರಸ್ಕೃತ. ಇವು ಸಹಜ ಮಿತಿಗಳು. ಕ್ಲೈಂಟಿನ ಗಡಿಯಾರ ಎರಡು ನಿಮಿಷ ಮುಂದೆ ಓಡುತ್ತಿದ್ದರೆ ಅದರ ಒಂದೊಂದು ಸಂದೇಶವೂ ಬಿದ್ದುಹೋಗುತ್ತದೆ. ಆಗ ಸಾಮಾನ್ಯವಾಗಿ ಬರುವ ಸಲಹೆ ಮಿತಿಯನ್ನು ಒಂದು ಗಂಟೆಗೆ ಏರಿಸಿ ಅನ್ನುವುದು. ಬೇಡ. ಮಿತಿ ಹಿಗ್ಗಿದಷ್ಟೂ ಕ್ಯಾಶ್ ಅಷ್ಟು ಹೊತ್ತು ಎಲ್ಲವನ್ನೂ ನೆನಪಿಡಬೇಕು, ಕ್ಯಾಶ್ ಎಲ್ಲಾದರೂ ಕೈಕೊಟ್ಟರೆ ಕಳ್ಳನಿಗೆ ಸಿಗುವ ಸಮಯವೂ ಅಷ್ಟೇ ಉದ್ದ.

ಗಡಿಯಾರವನ್ನೇ ಸರಿ ಮಾಡಿ. ಭಾರತದಲ್ಲಿ ಇದು ಬರೀ ಒಳ್ಳೆಯ ಅಭ್ಯಾಸ ಅಲ್ಲ, ನಿಯಮ ಕೂಡ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸರ್ವರ್‌ಗಳ ಸಮಯವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಎನ್‌ಟಿಪಿ (ಸಮಯ ಹೊಂದಿಸುವ) ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಕೂಡಿಸಬೇಕು. ಅದೇ ನಿರ್ದೇಶನ 180 ದಿನದ ಲಾಗ್ ಇಟ್ಟುಕೊಳ್ಳಲೂ ಹೇಳುತ್ತದೆ. ಲಾಗ್ ಅಂದರೆ ಬಿಚ್ಚಿದ ಸಂದೇಶದ ಪೂರ್ತಿ ಪಠ್ಯ ಅಂತ ಯಾರೂ ಹೇಳಿಲ್ಲ. ಲಾಗಿಂಗ್ ಇಂಟರ್‌ಸೆಪ್ಟರ್ ಡೀಕ್ರಿಪ್ಟ್ ಆದ ಮೇಲೆ ಓಡುತ್ತಿದೆಯಾ ಅಂತ ಒಮ್ಮೆ ನೋಡಿಬಿಡಿ.

ಹೆಜ್ಜೆ 6: ರೀಪ್ಲೇ ಕ್ಯಾಶ್

ಎನೇಬಲ್ ಟೈಮ್‌ಸ್ಟ್ಯಾಂಪ್ ಕ್ಯಾಶ್, ಎನೇಬಲ್ ನಾನ್ಸ್ ಕ್ಯಾಶ್ ಅಂತ ಎರಡು ಸೆಟ್ಟಿಂಗ್‌ಗಳಿವೆ. ಸಂದೇಶ ಸ್ವೀಕರಿಸುವ ಸೇವೆಗೆ ಎರಡೂ ತಾನಾಗಿಯೇ ಆನ್ ಇರುತ್ತವೆ, ಕ್ಲೈಂಟ್‌ಗೆ ಆಫ್. ನಾನ್ಸ್ ಅಂದರೆ ಒಮ್ಮೆ ಮಾತ್ರ ಬಳಸುವ ಯಾದೃಚ್ಛಿಕ ಸಂಖ್ಯೆ. ಅದರ ಕ್ಯಾಶ್ ಬೇಕಾಗುವುದು ಯೂಸರ್‌ನೇಮ್ ಟೋಕನ್ (ಬಳಕೆದಾರರ ಹೆಸರು, ಪಾಸ್‌ವರ್ಡ್ ಹೊತ್ತ ಹೆಡರ್) ಬಳಸಿದರೆ. ಟೈಮ್‌ಸ್ಟ್ಯಾಂಪ್ ಕ್ಯಾಶ್ ಕೆಲಸ ಮಾಡುವುದು ಸಂದೇಶದಲ್ಲಿ ಸಹಿ ಇದ್ದರೆ ಮಾತ್ರ. ಬರೀ ಟೈಮ್‌ಸ್ಟ್ಯಾಂಪ್ ಮತ್ತು ಎನ್‌ಕ್ರಿಪ್ಟ್ ಹಾಕಿ, ಸಹಿ ಬಿಟ್ಟು, ಕ್ಯಾಶ್ ಆನ್ ಇದೆಯಲ್ಲ ಅಂತ ನಿದ್ದೆ ಮಾಡಿದರೆ ಆ ಕ್ಯಾಶ್‌ನಲ್ಲಿ ಏನೂ ಬೀಳುವುದೇ ಇಲ್ಲ.

ಒಂದೇ ಸರ್ವರ್ ಇದ್ದರೆ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಒಂದೇ ಸರ್ವರ್ ಯಾರಿಗಿದೆ ಈಗ? ಕ್ಯಾಶ್ ಆಯಾ ಜಾವಾ ಪ್ರೋಸೆಸ್‌ಗೆ ಸೇರಿದ್ದು. ಲೋಡ್ ಬ್ಯಾಲೆನ್ಸರ್ ಹಿಂದೆ ನಾಲ್ಕು ನೋಡ್ ಇದ್ದರೆ, ಮೊದಲನೆಯದು ನೋಡಿದ ಸಂದೇಶವನ್ನು ಉಳಿದ ಮೂರು ನೋಡಿಲ್ಲ. ಅಂದರೆ ಒಂದೇ ಸಂದೇಶ ನಾಲ್ಕು ಸಲ ನಡೆಯಬಹುದು. ರೀಪ್ಲೇಕ್ಯಾಶ್ ಅನ್ನುವ ಚಿಕ್ಕ ಇಂಟರ್‌ಫೇಸ್ ಇದೆ, ಇದೆಯಾ ಅಂತ ಕೇಳುವುದು ಮತ್ತು ಸೇರಿಸುವುದು ಅದರ ಮುಖ್ಯ ಕೆಲಸ. ಅದನ್ನು ರೆಡಿಸ್‌ನಂಥ ಹಂಚಿಕೆಯ ಸಂಗ್ರಹದ ಮೇಲೆ ನೀವೇ ಬರೆದು, ಕ್ಯಾಶ್ ಇನ್‌ಸ್ಟನ್ಸ್ ಸೆಟ್ಟಿಂಗ್ ಮೂಲಕ ಎಲ್ಲಾ ನೋಡ್‌ಗೂ ಕೊಡಿ. ಪ್ರತಿ ನಮೂದಿಗೂ ಆಯುಸ್ಸು ಇರಲಿ, 300ಕ್ಕೆ ಆ 60 ಕೂಡಿ ಸ್ವಲ್ಪ ಮೇಲೆ, ಏಳೆಂಟು ನಿಮಿಷ ಸಾಕು.

ಹೀಗೆ ಮಾಡಿದ ಮೇಲೂ ಒಂದು ಸಣ್ಣ ಸಂದಿ ಉಳಿಯುತ್ತದೆ. ಮೊದಲು ಕೇಳು, ಆಮೇಲೆ ಸೇರಿಸು ಅನ್ನುವುದು ಎರಡು ಬೇರೆ ಕ್ರಿಯೆ. ಎರಡು ಪ್ರತಿ ಒಂದೇ ಗಳಿಗೆಗೆ ಎರಡು ನೋಡ್‌ಗೆ ಬಂದರೆ ಎರಡಕ್ಕೂ ಇಲ್ಲ ಅನ್ನುವ ಉತ್ತರವೇ ಸಿಗಬಹುದು. ಇನ್ನೊಂದು ಪ್ರಶ್ನೆ, ರೆಡಿಸ್ ಬಿದ್ದರೆ ಏನು ಮಾಡುವುದು? ದುಡ್ಡಿನ ಸೇವೆ ಆದರೆ ಸಂದೇಶ ನಿರಾಕರಿಸಿ, ಬರೀ ಮಾಹಿತಿ ಕೇಳುವ ಸೇವೆ ಆದರೆ ಬಿಟ್ಟುಕೊಳ್ಳಿ, ಇದು ನನ್ನ ಅಭಿಪ್ರಾಯ. ಯಾವುದಾದರೂ ಸರಿ, ಆ ತೀರ್ಮಾನವನ್ನು ಎಕ್ಸೆಪ್ಷನ್ ಹಿಡಿದ ಯಾವುದೋ ಖಾಲಿ ಬ್ಲಾಕ್ ತೆಗೆದುಕೊಳ್ಳಬಾರದು.

ಹೆಜ್ಜೆ 7: ನಿಜವಾಗಿ ರೀಪ್ಲೇ ಮಾಡಿ ನೋಡಿ

ಒಂದು ಸರಿಯಾದ ಸಂದೇಶವನ್ನು ಪ್ರಾಕ್ಸಿಯಲ್ಲಿ ಹಿಡಿದು ಫೈಲಿಗೆ ಉಳಿಸಿ. ಅದು ಸರ್ವರ್‌ಗೆ ಹೋಗಿ ಯಶಸ್ವಿ ಆಗಲಿ. ಆಮೇಲೆ ಅದೇ ಫೈಲನ್ನು ಕರ್ಲ್ ಎಂಬ ಕಮಾಂಡ್‌ಲೈನ್ ಸಾಧನದಿಂದ ಕಳಿಸಿ. ಇಲ್ಲಿ ಡೇಟಾ-ಬೈನರಿ ಆಯ್ಕೆಯೇ ಬೇಕು. ಬರೀ ಡೇಟಾ ಅಂತ ಕೊಟ್ಟರೆ ಕರ್ಲ್ ಫೈಲಿನ ಹೊಸ ಸಾಲುಗಳನ್ನು ಕಿತ್ತುಹಾಕುತ್ತದೆ, ಅದರಿಂದ ಸಹಿ ಮುರಿಯಬಹುದು, ಸರ್ವರ್ ಆ ಕಾರಣಕ್ಕೆ ತಿರಸ್ಕರಿಸುತ್ತದೆ, ನೀವು ರೀಪ್ಲೇ ತಡೆ ಕೆಲಸ ಮಾಡುತ್ತಿದೆ ಅಂತ ಖುಷಿಯಾಗಿ ಮನೆಗೆ ಹೋಗುತ್ತೀರಿ. ಎಡಿಟರ್‌ನಲ್ಲಿ ತೆರೆದು ಅಂದವಾಗಿ ಜೋಡಿಸಿದರೂ ಇದೇ ಕಥೆ. ಐದು ನಿಮಿಷದೊಳಗೆ ಕಳಿಸುವುದೂ ಮುಖ್ಯ. ಕಾಫಿ ಕುಡಿದು ಬಂದು ಕಳಿಸಿದರೆ ಅದನ್ನು ತಡೆದಿದ್ದು ಟೈಮ್‌ಸ್ಟ್ಯಾಂಪೇ ಹೊರತು ಕ್ಯಾಶ್ ಅಲ್ಲ.

ಕ್ಲೈಂಟಿಗೆ ಬರುವ ದೋಷ ನೋಡಿ ಏನೂ ತಿಳಿಯುವುದಿಲ್ಲ. ಸಂದೇಶ ಪರಿಶೀಲಿಸುವಾಗ ಭದ್ರತಾ ದೋಷ ಆಯಿತು ಅನ್ನುವ ಒಂದೇ ಸಾಲು ಬರುತ್ತದೆ. ಅದು ಬೇಕೆಂದೇ ಹಾಗಿದೆ, ಮೇಲೆ ಹೇಳಿದ 2011ರ ದಾಳಿ ಬದುಕಿದ್ದೇ ಸರ್ವರ್ ಕೊಡುವ ಸುಳಿವಿನ ಮೇಲೆ. ಅಸಲಿ ಕಾರಣಕ್ಕೆ ಸರ್ವರ್ ಲಾಗ್ ನೋಡಿ, ಅಲ್ಲಿ ರೀಪ್ಲೇ ಅನ್ನುವ ಪದ ಕಾಣಬೇಕು. ಸಹಿ ತಪ್ಪಿದೆ ಅಂತಲೋ ಅವಧಿ ಮೀರಿದೆ ಅಂತಲೋ ಕಂಡರೆ ನಿಮ್ಮ ಪರೀಕ್ಷೆಯೇ ಸರಿಯಾಗಿ ಆಗಿಲ್ಲ. ಇದಾದ ಮೇಲೆ ಟೈಮ್‌ಸ್ಟ್ಯಾಂಪ್‌ನಲ್ಲಿ ಒಂದು ಅಂಕಿ ತಿದ್ದಿ ಕಳಿಸಿ, ಟೈಮ್‌ಸ್ಟ್ಯಾಂಪನ್ನೇ ತೆಗೆದು ಕಳಿಸಿ, ಎನ್‌ಕ್ರಿಪ್ಟ್ ಮಾಡದೆ ಸಹಿ ಮಾತ್ರ ಹಾಕಿ ಕಳಿಸಿ. ಎಲ್ಲವೂ ಬೀಳಬೇಕು. ಕ್ಲಸ್ಟರ್ ಆದರೆ ಪ್ರತಿ ನೋಡ್‌ಗೂ ನೇರವಾಗಿ ಕಳಿಸಿ ನೋಡಿ.

ರೀಟ್ರೈ ಎಂಬ ಪೀಡೆ

ಉತ್ತರ ಬರುವುದು ತಡವಾಯಿತು, ಕ್ಲೈಂಟಿನ ಕೋಡ್ ಇನ್ನೊಮ್ಮೆ ಕರೆ ಮಾಡಿತು. ಆಗ ಹೊಸ ಟೈಮ್‌ಸ್ಟ್ಯಾಂಪ್, ಹೊಸ ಸಹಿ ಹುಟ್ಟುತ್ತದೆ. ಭದ್ರತಾ ಪದರದ ಕಣ್ಣಿಗೆ ಅದು ಬೇರೆಯೇ ಸಂದೇಶ, ಒಳಗೆ ಬಿಡುತ್ತದೆ, ದುಡ್ಡು ಎರಡು ಸಲ ಹೋಗುತ್ತದೆ. ಇದು ದಾಳಿಯಲ್ಲ, ಕ್ಯಾಶ್ ಇದನ್ನು ಹಿಡಿಯುವುದೂ ಇಲ್ಲ. ಇದಕ್ಕೆ ಬಾಡಿಯ ಒಳಗೇ ವ್ಯವಹಾರ ಸಂಖ್ಯೆ ಬೇಕು, ಕ್ಲೈಂಟ್ ಮರುಪ್ರಯತ್ನದಲ್ಲೂ ಅದೇ ಸಂಖ್ಯೆ ಕಳಿಸಬೇಕು, ಡೇಟಾಬೇಸ್‌ನಲ್ಲಿ ಆ ಸಂಖ್ಯೆಗೆ ಯುನೀಕ್ ಇಂಡೆಕ್ಸ್ ಇರಬೇಕು. ಆರನೇ ಹೆಜ್ಜೆಯಲ್ಲಿ ಉಳಿದ ಸಂದಿಯೂ ಇದರಿಂದಲೇ ಮುಚ್ಚುತ್ತದೆ.

ಇದಕ್ಕೆ ತದ್ವಿರುದ್ಧ ಇನ್ನೊಂದಿದೆ. ಮರುಪ್ರಯತ್ನ ಮಾಡಿದ್ದು ಕ್ಲೈಂಟ್ ಅಲ್ಲ, ನಡುವಿನ ಪ್ರಾಕ್ಸಿ. ಅದು ಅದೇ ಬೈಟ್‌ಗಳನ್ನು ಇನ್ನೊಂದು ನೋಡ್‌ಗೆ ಕಳಿಸುತ್ತದೆ, ಹಂಚಿಕೆಯ ಕ್ಯಾಶ್ ರೀಪ್ಲೇ ಅಂತ ತಿರಸ್ಕರಿಸುತ್ತದೆ, ಕ್ಲೈಂಟಿಗೆ ದೋಷ ಕಾಣುತ್ತದೆ, ಆದರೆ ಮೊದಲ ನೋಡ್‌ನಲ್ಲಿ ಕೆಲಸ ಆಗಿಹೋಗಿರುತ್ತದೆ. ಎನ್‌ಜಿನ್‌ಎಕ್ಸ್ 1.9.13ರಿಂದ ಪೋಸ್ಟ್ ಕೋರಿಕೆಗಳನ್ನು ತಾನಾಗಿ ಮುಂದಿನ ಸರ್ವರ್‌ಗೆ ದಾಟಿಸುವುದಿಲ್ಲ, ಯಾರೋ ಆ ಆಯ್ಕೆಯನ್ನು ಬೇಕೆಂದೇ ಆನ್ ಮಾಡಿದ್ದರೆ ಬೇರೆ ಮಾತು. ನಿಮ್ಮಲ್ಲಿರುವುದು ಯಾವ ಪ್ರಾಕ್ಸಿಯೋ ಅದರ ಸೆಟ್ಟಿಂಗ್ ತೆರೆದು ನೋಡಿ. ಲಾಗ್‌ನಲ್ಲಿ ರೀಪ್ಲೇ ದೋಷ ಕಂಡ ಕೂಡಲೇ ಕಳ್ಳನನ್ನು ಹುಡುಕಲು ಹೊರಡುವ ಮೊದಲು ಇದನ್ನು ನೋಡುವುದು ಒಳ್ಳೆಯದು.

ಇನ್ನು ಸರ್ಟಿಫಿಕೇಟ್ ಬದಲಿಸುವ ದಿನ. ಸರ್ವರ್‌ನ ಹೊಸ ಕೀ ಜೋಡಿಯನ್ನು ಅದೇ ಕೀಸ್ಟೋರ್‌ಗೆ ಬೇರೆ ಅಲಿಯಾಸ್‌ನಲ್ಲಿ ಸೇರಿಸಿ, ಹಳೆಯದನ್ನು ತೆಗೆಯಬೇಡಿ. ಯಾವ ಸರ್ಟಿಫಿಕೇಟ್‌ಗೆ ಎನ್‌ಕ್ರಿಪ್ಟ್ ಆಗಿದೆ ಅನ್ನುವ ಗುರುತು ಸಂದೇಶದಲ್ಲೇ ಇರುತ್ತದೆ, ಲೈಬ್ರರಿ ಅದನ್ನು ನೋಡಿ ತಕ್ಕ ಖಾಸಗಿ ಕೀ ಹುಡುಕಿಕೊಳ್ಳುತ್ತದೆ. ಎರಡೂ ಅಲಿಯಾಸ್‌ಗೆ ಪಾಸ್‌ವರ್ಡ್ ಕೊಡುವ ಹಾಗೆ ಕಾಲ್‌ಬ್ಯಾಕ್ ಕ್ಲಾಸನ್ನು ಮೊದಲೇ ತಿದ್ದಿಡಿ. ಕ್ಲೈಂಟ್‌ಗಳು ಒಂದೊಂದಾಗಿ ಹೊಸದಕ್ಕೆ ಬರಲಿ. ಹಳೆಯ ಕೀಯಲ್ಲಿ ಸಂದೇಶ ಬರುವುದು ಪೂರ್ತಿ ನಿಂತಿದೆ ಅಂತ ಲಾಗ್‌ನಲ್ಲಿ ಖಾತ್ರಿಯಾದ ಮೇಲೆ ಅದನ್ನು ಅಳಿಸಿ.